ಒಂದು ಬಿಲ್ಲೆ, ಎರಡು ಜೊತೆ ಕಿವಿ

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲಿರುವ ಎರಡು ಕೋಣೆಯ ಕಚೇರಿಯಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕೂತು ಕುರ್ಚಿಯ ಕಾಲಿನ ಕೆಳಗೆ ಮಡಿಸಿದ ರಟ್ಟು ತುರುಕುತ್ತಿದ್ದಾರೆ. ಕುರ್ಚಿ ಅಲುಗಬಾರದು. ಅಲುಗಿದರೆ ಕೂತವರ ಕಾಲು ಬಿಗಿಯುತ್ತದೆ, ಕಾಲು ಬಿಗಿದರೆ ರಕ್ತದ ಒತ್ತಡ ಏರುತ್ತದೆ, ಏರಿದ ಅಂಕಿ ಹಾಗೇ ಪುಸ್ತಕಕ್ಕೆ ಹೋದರೆ ಇನ್ನು ಹತ್ತು ವರ್ಷದ ನಂತರ ಎಲ್ಲೋ ಕೂತ ಯಾರೋ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಒಂದು ಚೂರು ರಟ್ಟಿನ ಮೇಲೆ ಇಷ್ಟೆಲ್ಲ ಭಾರ. ತಾವೇ ಒಂದು ಸಲ ಕೂತು, ಅತ್ತ ಇತ್ತ ಅಲುಗಾಡಿ ನೋಡಿ, "ಹೂಂ, ಈಗ ನೆಟ್ಟಗೆ ನಿಂತೆ ನೋಡು ಮಾರಾಯ" ಎಂದು ಕುರ್ಚಿಗೆ ಹೇಳಿ ಏಳುತ್ತಾರೆ.

ಬೀದಿಯವರು ಇವರನ್ನು ಕಿವಿಯಮ್ಮ ಎನ್ನುತ್ತಾರೆ. ಕೊರಳಲ್ಲಿ ಸದಾ ನೇತಾಡುವ ಸ್ಟೆತಸ್ಕೋಪಿನಿಂದ ಬಂದ ಹೆಸರು. ಡಾಕ್ಟರಲ್ಲ, ನರ್ಸೂ ಅಲ್ಲ, ಓದಿದ್ದು ಏಳನೇ ತರಗತಿ. ಆದರೆ ಈ ಬೀದಿಗಳಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ನಡೆಯುತ್ತಿರುವ ಆರೋಗ್ಯ ಅಧ್ಯಯನಕ್ಕೆ ಮನೆಮನೆ ಸುತ್ತಿ ಅಳತೆ ತರುವವರನ್ನೆಲ್ಲ ತಿದ್ದಿ ತೀಡಿದವರು ಇವರು. ಇದುವರೆಗೆ ನೂರ ಮೂವತ್ತೊಂದು ಜನ. ಹೊಸದಾಗಿ ಸೇರಿದ ಪದವೀಧರರು ಆರು ವಾರ ಇವರ ಕೈಕೆಳಗೆ ಪಳಗಿ, ಇವರಿಂದ "ಪಾಸು" ಎನ್ನಿಸಿಕೊಂಡರಷ್ಟೇ ಯಾರ ತೋಳನ್ನಾದರೂ ಮುಟ್ಟಬಹುದು.

ಇಂದು ಪರೀಕ್ಷೆ ಇರುವುದು ಕಿವಿಯಮ್ಮನಿಗೇ. ಎರಡು ಸಲ ಫೇಲಾಗಿದ್ದಾರೆ. ಇದು ಮೂರನೆಯದು, ಕೊನೆಯದು. ಇದರಲ್ಲೂ ತಪ್ಪಿದರೆ ಇನ್ನು ಮುಂದೆ ಅವರು ಯಾರ ಬಿಪಿಯನ್ನೂ ನೋಡುವ ಹಾಗಿಲ್ಲ. ಮೂರು ಸಲದ ಮೇಲೆ ನಾಲ್ಕನೆಯ ಅವಕಾಶ ಇಲ್ಲ ಎಂಬ ನಿಯಮವನ್ನು ಹದಿನೇಳು ವರ್ಷದ ಹಿಂದೆ ಗೋಡೆಗೆ ಅಂಟಿಸಿದವರೂ ಅವರೇ. ಆ ಹಾಳೆ ಹಳದಿ ತಿರುಗಿ ಇನ್ನೂ ಅಲ್ಲೇ ಇದೆ.

ಅಧ್ಯಯನವನ್ನು ವಿವರಿಸುವುದು ಸುಲಭ, ಮಾಡುವುದು ಹೈರಾಣು. ಮೊದಲ ವರ್ಷ ಎರಡು ಸಾವಿರದ ಮುನ್ನೂರ ಹನ್ನೆರಡು ಜನರ ಹೆಸರು ಬರೆದುಕೊಂಡರು, ಎಲ್ಲರೂ ಆಗ ಮೂವತ್ತರಿಂದ ನಲವತ್ತೈದರೊಳಗಿನವರು. ಆರು ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ತೂಕ, ಸೊಂಟದ ಸುತ್ತಳತೆ, ಬಿಪಿ ನೋಡಬೇಕು. ನಲವತ್ತೇಳು ಪ್ರಶ್ನೆಗಳನ್ನು ಪ್ರತಿಸಲವೂ ಅದದೇ ಮಾತಿನಲ್ಲಿ ಕೇಳಬೇಕು. ಯಾರಿಗೆ ಹೃದಯ ಕೈಕೊಡುತ್ತದೆ, ಯಾರಿಗೆ ಪಾರ್ಶ್ವವಾಯು ಬಡಿಯುತ್ತದೆ, ಅದಕ್ಕೆ ಎಷ್ಟು ವರ್ಷ ಮುಂಚೆ ದೇಹ ಏನೇನು ಸುಳಿವು ಕೊಟ್ಟಿತ್ತು ಎಂಬುದು ಹೀಗೆ ದಶಕಗಟ್ಟಲೆ ಕಾದರೆ ತಿಳಿಯುತ್ತದೆ. ಈಗ ಪಟ್ಟಿಯಲ್ಲಿ ಉಳಿದವರು ಸಾವಿರದ ನಾನೂರ ತೊಂಬತ್ತೇಳು. ಮಿಕ್ಕವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಊರು ಬಿಟ್ಟರು, ಕೆಲವರು ಬೇಸತ್ತು ಬಾಗಿಲು ಹಾಕಿಕೊಂಡರು.

"ಮೊದಮೊದಲು ಉಗಿಯೋದೊಂದು ಬಾಕಿ," ಎಂದು ನೆನೆಯುತ್ತಾರೆ ಕಿವಿಯಮ್ಮ. "ಮಾತ್ರೆ ಕೊಡಲ್ಲ, ಸೂಜಿ ಹಾಕಲ್ಲ, ಬರ್ಕೊಂಡು ಹೋಗೋಕೆ ಬರ್ತೀರಾ, ನಿಮಗೇನು ಬೇರೆ ಕೆಲಸ ಇಲ್ವಾ ಅನ್ನೋರು. ಎರಡು ಸಲ ನಾಯಿ ಕಚ್ಚಿದೆ. ಎರಡನೇ ಸಲ ನಾಯಿ ಯಜಮಾನರು ನನ್ನನ್ನೇ ಬೈದ್ರು. ಆರು ತಿಂಗಳು ಬಿಟ್ಟು ಮತ್ತೆ ಹೋದೆ. ಇವಳು ಬಿಡೋಳಲ್ಲ ಅಂತ ಕೂತ್ಕೊಂಡು ತೋಳು ಕೊಟ್ರು."

ಬಿಪಿ ನೋಡುವ ಕೆಲಸದಲ್ಲಿ ಮಂತ್ರವೇನಿಲ್ಲ. ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಗುಂಡು ಒತ್ತಿ ಗಾಳಿ ತುಂಬಿದರೆ ರಕ್ತದ ಓಟ ನಿಲ್ಲುತ್ತದೆ. ಗಾಳಿಯನ್ನು ಮೆಲ್ಲಗೆ ಬಿಡುತ್ತ ಮೊಣಕೈ ಮಡಿಕೆಗೆ ಸ್ಟೆತಸ್ಕೋಪಿನ ಬಿಲ್ಲೆ ಇಟ್ಟು ಕೇಳಬೇಕು. ಪಾದರಸ ಇಳಿದು ಬರುವಾಗ ಮೊದಲ 'ಟಕ್' ಎಲ್ಲಿ ಕೇಳುತ್ತದೋ ಅದು ಮೇಲಿನ ಅಂಕಿ, ಸದ್ದು ಎಲ್ಲಿ ಅಡಗುತ್ತದೋ ಅದು ಕೆಳಗಿನದು. ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ ಈಗ ಯಾವ ಅಂಗಡಿಯಲ್ಲಾದರೂ ಸಿಗುತ್ತದಲ್ಲ ಎಂದರೆ ಕಿವಿಯಮ್ಮ ಮಕ್ಕಳಿಗೆ ಹೇಳುವಂತೆ ಹೇಳುತ್ತಾರೆ: "ಮೊದಲ ದಿನ ಕಿವಿಯಿಂದ ಕೇಳಿದ್ದೀವಿ. ಅರ್ಧ ದಾರೀಲಿ ಅಳತೆಗೋಲು ಬದಲಾಯಿಸಿಬಿಟ್ರೆ, ಬದಲಾಗಿದ್ದು ಮನುಷ್ಯಾನಾ ಮಷೀನಾ ಅಂತ ಹೇಗ್ರೀ ಹೇಳ್ತೀರಿ?"

ಹಾಗಾಗಿ ಎಲ್ಲರ ಕಿವಿಯೂ ಒಂದೇ ಹದಕ್ಕೆ ಬರಬೇಕು. ಅದಕ್ಕೊಂದು ವಿಚಿತ್ರ ಸಲಕರಣೆ ಇದೆ. ಬಿಲ್ಲೆ ಒಂದೇ, ಅಲ್ಲಿಂದ ಹೊರಟ ಕೊಳವೆ ಕವಲೊಡೆದು ಎರಡು ಸ್ಟೆತಸ್ಕೋಪ್ ಆಗುತ್ತದೆ. ಒಂದು ಕಲಿಸುವವರ ಕಿವಿಗೆ, ಇನ್ನೊಂದು ಕಲಿಯುವವರ ಕಿವಿಗೆ. ಇಬ್ಬರೂ ತಲೆಗೆ ತಲೆ ತಾಗಿಸಿ ಒಂದೇ ತೋಳಿನ ಸದ್ದು ಕೇಳಿ, ಒಬ್ಬರಿಗೊಬ್ಬರು ತೋರಿಸದೆ ತಂತಮ್ಮ ಚೀಟಿಯಲ್ಲಿ ಬರೆದು, ಆಮೇಲೆ ಚೀಟಿ ಬಿಚ್ಚುತ್ತಾರೆ. ಹತ್ತು ತೋಳು. ಮೇಲಿನ ಅಂಕಿಗಳ ವ್ಯತ್ಯಾಸವನ್ನೆಲ್ಲ ಕೂಡಿದರೆ ನಲವತ್ತು ದಾಟಬಾರದು. ದಾಟಿದರೆ ಫೇಲು. ಇಪ್ಪತ್ತು ವರ್ಷದಿಂದ ಆ ಕೊಳವೆಯ ಎಡಗವಲು ಕಿವಿಯಮ್ಮನದು. ಅಧ್ಯಯನದ ಕಡತಗಳಲ್ಲಿ ಅವರನ್ನು "ಮಾದರಿ ಕಿವಿ" ಎಂದು ಬರೆಯುತ್ತಾರೆ. ಅವರಿಗೆ ಕೇಳಿದ್ದು ಸರಿ, ಉಳಿದವರು ಅದಕ್ಕೆ ಹೊಂದಿಕೊಳ್ಳಬೇಕು.

ಕಲಿಸುವಾಗ ಅವರು ಗದರುವುದು ಮುಖ್ಯವಾಗಿ ಒಂದು ರೋಗದ ಬಗ್ಗೆ. ಅದಕ್ಕೆ ಅವರೇ ಇಟ್ಟ ಹೆಸರು ಸೊನ್ನೆ ಕಾಯಿಲೆ. ಪಾದರಸದ ಗೀರುಗಳು ಎರಡೆರಡಕ್ಕೊಂದು, ಹಾಗಾಗಿ ಸುಮಾರು ಐದರಲ್ಲಿ ಒಂದು ಅಂಕಿ ಮಾತ್ರ ಸೊನ್ನೆಯಲ್ಲಿ ಮುಗಿಯಬೇಕು. ಹೊಸಬರ ಹಾಳೆ ತೆಗೆದರೆ ನೂರ ಇಪ್ಪತ್ತು, ನೂರ ಮೂವತ್ತು, ನೂರ ನಲವತ್ತು ಎಂದು ಸೊನ್ನೆಗಳ ಜಾತ್ರೆ. ಯಾರೂ ಬೇಕೆಂದು ಸುಳ್ಳು ಬರೆಯುವುದಿಲ್ಲ, ಕೈ ತಾನಾಗಿ ದುಂಡು ಸಂಖ್ಯೆಯತ್ತ ಜಾರುತ್ತದೆ. ಕಿವಿಯಮ್ಮ ಕೆಂಪು ಪೆನ್ನಿನಲ್ಲಿ ಸೊನ್ನೆಗಳನ್ನು ಸುತ್ತುತ್ತ ಹೋಗುತ್ತಾರೆ. "ಬೀದಿಗೆ ಬೀದಿಯೇ ಮಾತಾಡ್ಕೊಂಡು ಬಿಪೀನ ಸೊನ್ನೆಗೇ ನಿಲ್ಲಿಸ್ಕೊಂಡಿದೆಯಾ? ಕೇಳಿದ್ದನ್ನ ಬರಿಯಪ್ಪ. ಚೆಂದ ಕಾಣೋದನ್ನ ಬರೀಬೇಡ."

ಇಂಥ ಕಿವಿ ಅವರಿಗೆ ಬಂದದ್ದು ಎಲ್ಲಿಂದ ಎಂಬುದೇ ಒಂದು ಸೋಜಿಗ. ಹದಿನಾರನೇ ವಯಸ್ಸಿಗೆ ಅವರು ಸೇರಿದ್ದು ಮಗ್ಗದ ಶೆಡ್ಡಿಗೆ. ಅರವತ್ತನಾಲ್ಕು ಯಂತ್ರಮಗ್ಗ ಒಟ್ಟಿಗೆ ಬಡಿಯುವ ಜಾಗ. ಅಲ್ಲಿ ಮಾತು ಕೇಳುವುದಿಲ್ಲ, ಎಲ್ಲರೂ ತುಟಿ ನೋಡಿ ಮಾತಾಡುವುದು. ಮದುವೆಯ ಮಾತುಕತೆಯಿಂದ ಹಿಡಿದು ಮೇಸ್ತ್ರಿಯ ಮೇಲಿನ ಚಾಡಿಯವರೆಗೆ ಎಲ್ಲವೂ ತುಟಿಯಲ್ಲೇ. ಅಂಥಲ್ಲಿ ಹದಿನೆಂಟು ವರ್ಷ ದುಡಿದು, ಶೆಡ್ಡು ಮುಚ್ಚಿದಾಗ ಈ ಕಚೇರಿಗೆ ಕಸ ಗುಡಿಸಲು ಬಂದರು. ಅಧ್ಯಯನ ಶುರು ಮಾಡಿದ ಹಿರಿಯ ಡಾಕ್ಟರು ಒಂದು ದಿನ ನಾಲ್ಕು ಜನ ಪದವೀಧರರಿಗೆ ಪಾಠ ಹೇಳುತ್ತಿದ್ದಾಗ, ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಈಕೆ, "ಸಾರ್, ಆ ರಬ್ಬರ್ ಗುಂಡು ಉಸಿರು ಬಿಡ್ತಾ ಇದೆ" ಎಂದರು. ನೋಡಿದರೆ ಗುಂಡಿನಲ್ಲಿ ಕೂದಲೆಳೆಯಷ್ಟು ಸೀಳು. ನಾಲ್ವರಿಗೂ ಕೇಳಿರಲಿಲ್ಲ. ಡಾಕ್ಟರು ಪೊರಕೆ ಇಸಿದುಕೊಂಡು ಸ್ಟೆತಸ್ಕೋಪ್ ಕೊಟ್ಟರು.

ಅದೇ ಕಿವಿ ಹೋದ ವರ್ಷ ಕೈಕೊಟ್ಟಿತು. ಕೈಕೊಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ, ಅವರಿಗಂತೂ ಗೊತ್ತೇ ಆಗಲಿಲ್ಲ. ತುಟಿ ಓದುವ ಹಳೆಯ ಅಭ್ಯಾಸ ಮರೆತಿರಲಿಲ್ಲವಲ್ಲ, ಎದುರಿದ್ದವರ ಮಾತೆಲ್ಲ ಎಂದಿನಂತೆ ತಿಳಿಯುತ್ತಿತ್ತು. ಟೈಲರ್ ಕೆಲಸದ ಗಂಡ ಮಾತ್ರ ಒಂದೆರಡು ಸಲ ಗೊಣಗಿದ್ದುಂಟು. "ಟೀವಿ ಶಬ್ದ ಕಮ್ಮಿ ಮಾಡೇ ಅಂದ್ರೆ, ನಿಮ್ಮ ಕಿವಿಯೇ ಅತಿ ಅಂತಿದ್ಲು," ಎನ್ನುತ್ತಾರೆ ಅವರು. "ಬೆನ್ನು ತಿರುಗಿಸಿದಾಗ ಕರೆದ್ರೆ ಓಗೊಡ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರ ಅಲ್ವಾ, ಬೇಕಂತಲೇ ಸುಮ್ಮನಿದ್ದಾಳೆ ಅಂದ್ಕೊಂಡೆ."

ಸಂಗತಿ ಬಯಲಾದದ್ದು ಈ ವರ್ಷದ ಆರು ಜನರ ತಂಡದಲ್ಲಿ. ನಾಲ್ಕನೇ ವಾರದ ಜೋಡಿ ಪರೀಕ್ಷೆಯಲ್ಲಿ ಐದು ಜನ ಸಲೀಸಾಗಿ ಪಾಸಾದರು. ಆರನೆಯವಳು, ಔಷಧಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದು ಇಲ್ಲಿಗೆ ಬಂದ ಇಪ್ಪತ್ತೇಳರ ಹೆಣ್ಣುಮಗಳು, ಫೇಲಾದಳು. ಪ್ರತಿ ತೋಳಿಗೂ ಆಕೆಯದು ಕಿವಿಯಮ್ಮನಿಗಿಂತ ಆರೋ ಎಂಟೋ ಹೆಚ್ಚು. "ಮತ್ತೆ ಕೇಳು" ಎಂದರೆ ಮತ್ತೆ ಕೇಳುತ್ತಾಳೆ, ಮತ್ತೆ ಅಷ್ಟೇ ಬರೆಯುತ್ತಾಳೆ. ಎರಡನೇ ಸಲವೂ ಫೇಲು. ಅಷ್ಟರಲ್ಲಿ ಕಚೇರಿಯಲ್ಲಿ ಆಕೆಗೆ ಮೊಂಡಿ ಎಂದು ಹೆಸರು ಬಿದ್ದಾಗಿತ್ತು.

"ನಿನ್ನ ಕಿವೀಲಿ ಏನಮ್ಮ ಇದೆ?" ಎಂದು ಕಿವಿಯಮ್ಮ ಅವತ್ತು ಗದರಿದರಂತೆ.

"ಅಕ್ಕ, ಬೇಕಾದ್ರೆ ಮೂರನೇ ಸಲವೂ ಫೇಲ್ ಮಾಡಿ ಕಳಿಸಿಬಿಡಿ," ಎಂದಳು ಮೊಂಡಿ. "ನನಗೆ ಕೇಳಿದ್ದು ನೂರ ನಲವತ್ತಾರು. ಇವರೆಲ್ಲ ಪಾಸಾಗಿದ್ದು ಕಿವಿಯಿಂದ ಅಲ್ಲ. ನಿಮಗೆ ಸದ್ದು ಕೇಳಿದ ತಕ್ಷಣ ಹುಬ್ಬು ಮೇಲೆ ಹೋಗುತ್ತೆ. ಅದನ್ನ ನೋಡ್ಕೊಂಡು ಬರೀತಾರೆ. ನಾನು ಕಣ್ಣು ಮುಚ್ಚಿ ಕೇಳ್ತೀನಿ, ಅದಕ್ಕೆ ನನಗೆ ಹುಬ್ಬು ಕಾಣಲ್ಲ."

ಉಳಿದ ಐವರೂ ನೆಲ ನೋಡಿದರು. ಕಿವಿಯಮ್ಮನಿಗೆ ನಗು ಬಂತು, ಸಿಟ್ಟೂ ಬಂತು. ಟವೆಲೊಂದನ್ನು ತಂದು ತಲೆನೋವು ಬಂದವರ ಹಾಗೆ ಹುಬ್ಬಿನ ಮೇಲೆ ಬಿಗಿದು ಕಟ್ಟಿಕೊಂಡು, "ಬನ್ನಿ, ಈಗ ಬನ್ನಿ ಎಲ್ಲಾ" ಎಂದು ಮತ್ತೆ ಕೂತರು. ಚೀಟಿ ಬಿಚ್ಚುತ್ತ ಹೋದ ಹಾಗೆ ನಗು ನಿಂತಿತು. ಐದು ಜನರ ಅಂಕಿಯೂ ಅವರದಕ್ಕಿಂತ ಹೆಚ್ಚು. ಒಬ್ಬರದೂ ಕಡಿಮೆ ಇಲ್ಲ.

ಇದರ ಅರ್ಥ ಏನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪ್ರತಿ ತಂಡಕ್ಕೂ ಮೊದಲ ವಾರವೇ ಅವರು ಹೇಳಿಕೊಡುವ ಪಾಠ ಅದು. ಕಲಿಯುವವರ ತಪ್ಪು ಚೆಲ್ಲಾಪಿಲ್ಲಿಯಾಗಿರುತ್ತದೆ, ಒಬ್ಬರದು ಮೇಲೆ, ಒಬ್ಬರದು ಕೆಳಗೆ. ಎಲ್ಲರೂ ಒಂದೇ ಕಡೆಗೆ ತಪ್ಪಿದರೆ ತಪ್ಪಿದವರು ಅವರಲ್ಲ, ಅಳತೆಗೋಲು. ಮೊದಲ ಮೆಲುಸದ್ದುಗಳು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಪಾದರಸ ಇನ್ನೂ ಮೂರ್ನಾಲ್ಕು ಗೀರು ಇಳಿದು, ಸದ್ದು ಗಟ್ಟಿಯಾದ ಮೇಲಷ್ಟೇ ಕೇಳುತ್ತಿತ್ತು.

"ಎದೆ ಧಸಕ್ಕಂತು," ಎನ್ನುತ್ತಾರೆ ಕಿವಿಯಮ್ಮ, ಮುಖದಲ್ಲಿ ಏನನ್ನೂ ತೋರಿಸದೆ. "ನನ್ನ ಕಿವಿ ಹೋಯ್ತು ಅಂತಲ್ಲ. ಹೋದ ವರ್ಷದ ತಂಡದವರನ್ನೂ ನಾನೇ ಪಾಸ್ ಮಾಡಿದ್ದೆ. ಅವರೂ ನನ್ನ ಹುಬ್ಬಿಗೇ ಕಿವಿ ಹೊಂದಿಸಿಕೊಂಡು, ಮೊದಲ ಮೆಲುಸದ್ದು ಬಿಟ್ಟು ಬರೆಯೋದು ಕಲಿತು ಮನೆಮನೆಗೆ ಹೋಗಿದ್ರು."

ಮಾರನೇ ದಿನವೇ ಅಧ್ಯಯನದ ಮುಖ್ಯಸ್ಥೆ ಡಾಕ್ಟರಮ್ಮನಿಗೆ ಅವರು ಕಾಗದ ಬರೆದರು. ನಾಲ್ಕೇ ಸಾಲು. ನನ್ನ ಕಿವಿ ಕೆಟ್ಟಿದೆ, ಯಾವಾಗಿನಿಂದ ಎಂದು ಗೊತ್ತಿಲ್ಲ, ಹಿಂದಿನ ತಂಡ ತಂದ ಅಂಕಿಗಳನ್ನು ದಯವಿಟ್ಟು ನಂಬಬೇಡಿ, ಮೊಂಡಿಯನ್ನು ಫೇಲ್ ಮಾಡಿದ್ದು ನನ್ನ ತಪ್ಪು. ಡಾಕ್ಟರಮ್ಮ ತಾವೇ ಬಂದು ಜೋಡಿ ಕೊಳವೆಗೆ ಕೂತು ಕೇಳಿದರು. ಇನ್ನಿಬ್ಬರು ವೈದ್ಯರೂ ಕೇಳಿದರು. ಮೂವರ ಅಂಕಿಯೂ ಮೊಂಡಿಯದಕ್ಕೆ ಸರಿಹೊಂದಿತು. ಕಿವಿಯ ಡಾಕ್ಟರು ನೋಡಿ, ಕಿವಿಯೊಳಗಿನ ಪುಟ್ಟ ಮೂಳೆ ಬಿಗಿದುಕೊಂಡಿದೆ, ಆಪರೇಷನ್ ಮಾಡಬಹುದು, ಮೊದಲಿನ ಹಾಗಾಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಕಿವಿಯಮ್ಮ ಸದ್ಯಕ್ಕೆ ಅದು ಬೇಡವೆಂದರು.

ಏಳು ತಿಂಗಳಲ್ಲಿ ನಾನೂರ ಹನ್ನೆರಡು ಜನರಿಂದ ತಂದ ಅಂಕಿಗಳ ಪಕ್ಕ ಈಗ ಕೆಂಪು ಗುರುತಿದೆ. ಹೋದ ವರ್ಷದ ಒತ್ತಡವನ್ನು ಈ ವರ್ಷ ಅಳೆಯಲಾಗದು, ಅದು ಹೋಯಿತು. ಆದರೆ ಒತ್ತಡ ಒಂದು ಮಿತಿ ದಾಟಿದವರಿಗೆ ಚೀಟಿ ಕೊಟ್ಟು ಆಸ್ಪತ್ರೆಗೆ ಕಳಿಸುವ ಪದ್ಧತಿ ಅಧ್ಯಯನದಲ್ಲಿದೆ. ಅಂಕಿ ಕಡಿಮೆ ಬಿದ್ದದ್ದರಿಂದ ಚೀಟಿ ತಪ್ಪಿದವರು ಎಷ್ಟು ಎಂದು ಹುಡುಕಬೇಕಿತ್ತು. ಕಿವಿಯಮ್ಮ ಮತ್ತು ಮೊಂಡಿ ಎರಡೂವರೆ ತಿಂಗಳು ಆ ನಾನೂರ ಹನ್ನೆರಡು ಬಾಗಿಲು ತಟ್ಟಿದರು. ಮೊಂಡಿ ಕೇಳಿದಳು, ಕಿವಿಯಮ್ಮ ಬರೆದರು. ಮತ್ತೆ ಯಾಕೆ ಬಂದಿರಿ ಎಂದವರಿಗೆಲ್ಲ ಅವರದು ಒಂದೇ ಉತ್ತರ: "ಹೋದ ಸಲ ನಮ್ಮ ಅಳತೆ ತಪ್ಪಿತ್ತು. ತಪ್ಪು ನನ್ನದು." ಕೆಲವರು ನಕ್ಕರು, ಕೆಲವರು ರೇಗಿದರು. ಹಾಗೆ ಚೀಟಿ ತಪ್ಪಿದ ಒಂಬತ್ತು ಜನ ಸಿಕ್ಕರು. ಒಬ್ಬೊಬ್ಬರನ್ನೂ ಕಿವಿಯಮ್ಮ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತರು.

"ಒಂಬತ್ತು ಜನರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅದು ನಮ್ಮ ಪುಣ್ಯ ಅಷ್ಟೇ, ಜಾಣತನ ಅಲ್ಲ. ನಾಚಿಕೆ ಆಗುತ್ತೆ, ಈಗಲೂ ಆಗುತ್ತೆ," ಎನ್ನುತ್ತಾರೆ.

ಇನ್ನು ಉಳಿದಿರುವುದು ಅವರದೇ ಪ್ರಶ್ನೆ. ನಿಯಮದ ಪ್ರಕಾರ ಮೂರು ಅವಕಾಶ. ಮೊದಲ ಸಲದ ಒಟ್ಟು ವ್ಯತ್ಯಾಸ ಅರವತ್ತೆರಡು, ಎರಡನೆಯದು ಐವತ್ತನಾಲ್ಕು. ಹೊಸ ಕೊಳವೆ ಬಂದಿದೆ, ಕಿವಿಗೆ ಬಿಗಿಯಾಗಿ ಕೂರುವ ಹೊಸ ರಬ್ಬರ್ ತುದಿ ಬಂದಿದೆ, ಹಾಗಾಗಿ ಒಂದಿಷ್ಟು ಆಸೆಯೂ ಇದೆ. "ನಾಲ್ಕು ಸೇರಿಸಿ ಬರೆದುಬಿಡೇ, ಮುಗೀತಲ್ಲ" ಎಂದು ಗಂಡ ತಮಾಷೆ ಮಾಡಿದ್ದಕ್ಕೆ ನಿನ್ನೆ ಸಂಜೆಯಿಂದ ಅವರೊಂದಿಗೆ ಮಾತು ಬಿಟ್ಟಿದ್ದಾರೆ.

ಆರು ಗಂಟೆಗೆ ಡಾಕ್ಟರಮ್ಮ ಬರುತ್ತಾರೆ. ಕೆಲಸಕ್ಕೆ ಹೋಗುವ ಮುಂಚೆ ತೋಳು ಕೊಟ್ಟು ಹೋಗಲು ಒಪ್ಪಿದವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತಾರೆ. ಇವತ್ತು ಕೊಳವೆಯ ಎಡಗವಲು ಮೊಂಡಿಯ ಕಿವಿಯಲ್ಲಿದೆ, ಬಲಗವಲು ಕಿವಿಯಮ್ಮನದು. ಹುಬ್ಬಿನ ಮೇಲೆ ಟವೆಲ್ ಇದೆ. ಅವರು ಬೇಕೆಂದೇ ಕಟ್ಟಿಕೊಂಡಿದ್ದಾರೆ. ಐದು ನಿಮಿಷ ಮೌನ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಚೀಟಿಗಳನ್ನು ಡಾಕ್ಟರಮ್ಮ ಬಿಚ್ಚುತ್ತಾರೆ, ಗೋಡೆಯ ಕಪ್ಪು ಹಲಗೆಯ ಮೇಲೆ ವ್ಯತ್ಯಾಸ ಬರೆಯುತ್ತಾರೆ. ನಾಲ್ಕು. ನಾಲ್ಕು. ಎರಡು. ಆರು. ನಾಲ್ಕು. ಆರು. ಆಮೇಲೆ ಮತ್ತೆ ಮೂರು ಸಲ ನಾಲ್ಕು. ಒಂಬತ್ತು ತೋಳಿಗೆ ಮೂವತ್ತೆಂಟು.

ಹತ್ತನೆಯವರು ಇಸ್ತ್ರಿ ಅಂಗಡಿಯ ಮುದುಕ. ಅಧ್ಯಯನದ ಮೊದಲ ದಿನದಿಂದ ಪಟ್ಟಿಯಲ್ಲಿರುವವರು. ಬಾಯಿ ಮುಚ್ಚಿಕೊಂಡು ಐದು ನಿಮಿಷ ಕೂರುವುದು ಇಪ್ಪತ್ತನಾಲ್ಕು ವರ್ಷದಲ್ಲಿ ಅವರಿಗೆ ಇನ್ನೂ ಅಭ್ಯಾಸವಾಗಿಲ್ಲ.

"ಏನ್ ಕಿವಿಯಮ್ಮ, ನಿನಗೇ ಪರೀಕ್ಷೆ ಅಂತೆ? ಕಾಲ ಕೆಟ್ಟೋಯ್ತು."

"ಮಾತಾಡಬೇಡಿ. ಕಾಲ ಮೇಲೆ ಕಾಲು ಹಾಕ್ಬೇಡಿ."

"ನಾನೇನು ಮಾಡ್ಲಿ ಹೇಳು, ಬಿಪಿ ಏರಿಸ್ಲಾ, ಇಳಿಸ್ಲಾ?"

"ಬಾಯಿ ಮುಚ್ಚಿದ್ರೆ ಸಾಕು."

ಹಲಗೆಯ ಮೇಲಿನ ಮೂವತ್ತೆಂಟು ಎಲ್ಲರಿಗೂ ಕಾಣುತ್ತಿದೆ. ಈ ಸಲದ ವ್ಯತ್ಯಾಸ ಎರಡು ಬಂದರೆ ಪಾಸು, ನಾಲ್ಕು ಬಂದರೆ ಫೇಲು. ಪಾದರಸದ ಕಂಬದಲ್ಲಿ ಅದು ಒಂದೇ ಗೀರಿನ ಮಾತು. ಕಿವಿಯಮ್ಮನ ಅಂಕಿ ಯಾವಾಗಲೂ ಕೆಳಗೇ ಬೀಳುತ್ತದೆ ಎಂದು ಮೊಂಡಿಗೆ ಗೊತ್ತು. ತಾನು ಒಂದು ಗೀರು ಇಳಿಸಿ ಬರೆದರೆ ಯಾರೂ ಹಿಡಿಯಲಾರರು ಎಂದೂ ಗೊತ್ತು. ಗಾಳಿ ತುಂಬಿ, ತಿರುಪು ಸಡಿಲಿಸಿ, ಪಾದರಸದ ಮಟ್ಟ ನೋಡಿಕೊಂಡು ಕೂಗಲು ಡಾಕ್ಟರಮ್ಮ ಎದುರಿಗೆ ಕೂರುತ್ತಾರೆ, ಕಣ್ಣು ಮುಚ್ಚಿ ಕೇಳುವವಳಿಗೆ ಮಾಡಿಕೊಂಡ ಏರ್ಪಾಡು ಅದು. ಒಂದೊಂದೇ ಗೀರು ಸಣ್ಣ ದನಿಯಲ್ಲಿ ಇಳಿಯುತ್ತದೆ. ಮೊಂಡಿ ಕಣ್ಣು ಮುಚ್ಚುತ್ತಾಳೆ. ಕಿವಿಯಮ್ಮ ಡಾಕ್ಟರಮ್ಮನ ತುಟಿ ನೋಡುತ್ತಾರೆ.

ಇಬ್ಬರೂ ಬರೆಯುತ್ತಾರೆ. ಚೀಟಿ ಮಡಿಸಿ ಡಾಕ್ಟರಮ್ಮನಿಗೆ ಕೊಡುತ್ತಾರೆ.

ಕಿವಿಯಮ್ಮನದು ನೂರ ನಲವತ್ತೆಂಟು. ಮೊಂಡಿಯದು ನೂರ ಐವತ್ತೆರಡು. ಒಟ್ಟು ನಲವತ್ತೆರಡು.

ಇಸ್ತ್ರಿಯವರು "ಆಯ್ತಾ? ಬಾಯಿ ಬಿಡಬಹುದಾ?" ಎಂದು ಕೇಳಿ ತೋಳು ಇಳಿಸಿಕೊಂಡು ಕೂರುತ್ತಾರೆ. ಕಿವಿಯಮ್ಮ ಹಲಗೆಯ ಬಳಿ ಹೋಗಿ ಕೂಡಿದ್ದು ಸರಿಯಿದೆಯೇ ಎಂದು ಮೇಲಿನಿಂದ ಬೆರಳಿಟ್ಟು ಎಣಿಸುತ್ತಾರೆ. ಸರಿಯಿದೆ. ಪುಸ್ತಕ ತೆಗೆದು, ತಮ್ಮ ಹೆಸರಿನ ಮುಂದೆ ತಾವೇ ಫೇಲು ಎಂದು ಬರೆದು, ಮಾದರಿ ಕಿವಿ ಎಂಬ ಕಾಲಂನಲ್ಲಿ ಮೊಂಡಿಯ ಹೆಸರು ಬರೆಯುತ್ತಾರೆ. ಮೊಂಡಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದಾಳೆ. "ಅಕ್ಕ, ನಾನು..." ಎಂದು ಶುರು ಮಾಡಿದವಳ ಮುಂದೆ ಕಿವಿಯಮ್ಮ ಪಟ್ಟಿ, ಗುಂಡು, ಕೊಳವೆ ಎಲ್ಲವನ್ನೂ ತಂದಿಡುತ್ತಾರೆ. "ಅಳು ಆಮೇಲೆ. ಎಂಟು ಗಂಟೆಗೆ ಮೊದಲನೇ ಮನೆ ಇದೆ."

ಕುರ್ಚಿಯ ಕಾಲು, ನಲವತ್ತೇಳು ಪ್ರಶ್ನೆ, ಸೊನ್ನೆ ಹುಡುಕುವ ಕೆಂಪು ಪೆನ್ನು ಇವೆಲ್ಲ ಕಿವಿಯಮ್ಮನ ಬಳಿಯೇ ಇರಲಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಇಪ್ಪತ್ತೈದನೇ ವರ್ಷದ ಸುತ್ತು ಮುಗಿಯುವವರೆಗೆ ಇರಬೇಕೆಂಬುದು ಕಿವಿಯಮ್ಮನ ಆಸೆ, ಅದಕ್ಕಿಂತ ಹೆಚ್ಚು ಕೇಳಿಲ್ಲ. ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ ಅವರು ಟವೆಲ್ ಬಿಚ್ಚಿ ಮಡಿಸಿ, ಮೊಂಡಿಯ ಕೊನೆಯ ಚೀಟಿಯನ್ನು ಮೇಜಿನ ಮೇಲಿಂದ ಎತ್ತಿಕೊಂಡು ಬೆಳಕಿಗೆ ಹಿಡಿಯುತ್ತಾರೆ.

"ನೂರ ಐವತ್ತು ಅಂತ ಬರೆದಿದ್ರೆ ನಾನು ಪಾಸು," ಎನ್ನುತ್ತಾರೆ. "ದುಂಡಗೆ, ಚೆಂದಾಗಿ, ಒಂದು ಸೊನ್ನೆ. ಅವಳಿಗೆ ಗೊತ್ತಿತ್ತು. ಬರೀಲಿಲ್ಲ ನೋಡಿ." ಚೀಟಿಯನ್ನು ಮಡಿಸಿ ಕಡತಕ್ಕೆ ಸೇರಿಸುತ್ತಾರೆ. "ನಾನು ಕಲಿಸಿದ ಹುಡುಗಿ."